ಬೋಟ್ ಎರಡೇ ಇರ್ಲಿ, ಎರಡನೇ ಸೀಟ್ ಖಾಲಿ ಬಿಡಬ್ಯಾಡ್ರಿ

ಬೀದರ್‌ನಾಗ ಕ್ಯಾಟಮರಾನ್ (ಎರಡು ಒಡಲು ಜೋಡ್ಸಿದ ಹಾಯಿ ಬೋಟ್) ರೇಸ್ ಅಂದ್ರ ಮಂದಿ ಮೊದ್ಲು ನಗ್ತಾರ, ಸಮುದ್ರ ಎಲ್ಲಿ ತರ್ತೀರಿ ಅಂತಾರ. ನಾನೂ ಹೈದ್ರಾಬಾದ್‌ನಾಗ ನೌಕ್ರಿ ಮಾಡೋವಾಗ ಹುಸೇನ್ ಸಾಗರದಾಗ ಹಾಯಿ ಬೋಟ್ ಓಡೋದು ನೋಡೋ ತನಕ ಹಂಗೇ ಅನ್ಕೊಂಡಿದ್ದೆ. ಅದೂ ಕೆರಿನೇ ಅಲ್ಲೇನ್ರಿ. 2023ರಾಗ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಾಗ ಹಾಯಿ ಬೋಟಿನಾಗ ಬೆಳ್ಳಿ ತಂದ ನೇಹಾ ಠಾಕೂರ್ ಮಧ್ಯಪ್ರದೇಶದ ದೇವಾಸ್ ಕಡೆ ರೈತನ ಮಗಳು, ಕಲಿತಿದ್ದು ಭೋಪಾಲ್ ಕೆರಿಯಾಗ. ಭೋಪಾಲ್‌ಗಿ ಸಮುದ್ರ ಹತ್ರ ಅದ ಏನು? ನಮ್ಗ ಭಾಲ್ಕಿ ಕಡೆ ಕಾರಂಜಾ ಅದ, ಯಾದಗಿರಿ ಮಂದಿಗಿ ಕೃಷ್ಣಾ ಮ್ಯಾಲ ನಾರಾಯಣಪುರ ಡ್ಯಾಮಿನ ಹಿನ್ನೀರು ಅದ (ಅಲ್ಲಿ ಮೊಸಳಿ ವಿಷ್ಯ ಮೀನುಗಾರರ ಹತ್ರ ಮೊದ್ಲೇ ಕೇಳ್ರಿ), ಕಲಬುರಗಿಯವ್ರಿಗಿ ಬೆಣ್ಣೆತೊರಾ ಅದ. ನೀರಿಗಿ ಬರ ಇಲ್ಲ, ಮಂದಿ ಕೂಡ್ಸೋದೇ ಕಷ್ಟ.

ನಾವು ನಾಲ್ಕು ಮಂದಿ ರೊಕ್ಕ ಕೂಡ್ಸಿ ಹೋಬಿ 16 ಅನ್ನೋ ಜಾತಿಯ ಎರಡು ಹಳೇ ಕ್ಯಾಟಮರಾನ್ ತಂದ್ವಿ. ಮೊದಲನೇ ವರ್ಷ ಮಾಡಿದ ತಪ್ಪು ಏನಂದ್ರ, ಸಂಡೇ ಬಂದ್ರ ಸಾಕು ನಾವೇ ನಾಲ್ಕು ಮಂದಿ ಬೋಟ್ ಹತ್ತಿ ಹೋಗ್ತಿದ್ವಿ, ನೋಡ್ಲಿಕ್ಕಿ ಬಂದ ಹುಡುಗ್ರು ದಂಡಿ ಮ್ಯಾಲ ನಿಂತು ಮಿರ್ಚಿ ಭಜಿ ತಿಂದು ಫೋಟೋ ತಕ್ಕೊಂಡು ಹೋಗ್ತಿದ್ರು, ಮುಂದಿನ ವಾರ ಒಬ್ಬನೂ ಬರ್ತಿರಲಿಲ್ಲ. ಮೂರನೇ ಬೋಟ್ ತಂದ್ರ ಮಂದಿ ಬರ್ತಾರ ಅಂತ ನಮ್ಮೊಳಗೇ ಒಂದು ವಾದ ನಡೀತು. ಸುಳ್ಳದು. ಹೋಬಿ 16 ಇಬ್ಬರ ಬೋಟು, ಮಾಲಕ ಹಿಂದ ಚುಕ್ಕಾಣಿ ಹಿಡ್ದ್ರ ಮುಂದಿನ ಹಾಯಿ ಹಗ್ಗ ಹಿಡೀಲಿಕ್ಕಿ ಇನ್ನೊಬ್ಬ ಬೇಕೇ ಬೇಕು, ಆ ಎರಡನೇ ಸೀಟಿನಾಗ ಪ್ರತಿ ವಾರ ಹೊಸ ಮನಷ್ಯಾನ ಕೂಡ್ಸ್ರಿ. ಇಬ್ಬರು ಮಾಲಕ್ರು ಒಂದೇ ಬೋಟಿನಾಗ ಕೂಡೋದು ಬಂದ್. ಈ ಒಂದು ರೂಲ್ ಹಾಕಿದ ಮ್ಯಾಲೇ ನಮ್ಮ ವಾಟ್ಸಾಪ್ ಗ್ರೂಪ್‌ನಾಗ ಈ ವಾರ ನನ್ ಪಾಳಿ ಅಂತ ಜಗಳ ಶುರು ಆಯ್ತು. ಜಗಳ ಆದ್ರ ಚೊಲೋ.

ಹೆಣ್ಣುಮಕ್ಕಳನ್ನೂ ಕರೀರಿ. ಒಲಿಂಪಿಕ್ಸ್‌ನಾಗ 2016ರಿಂದ ಇರೋ ಕ್ಯಾಟಮರಾನ್ ನಾಕ್ರಾ 17, ಅದ್ರಾಗ ಒಬ್ಬ ಗಂಡಸು ಒಬ್ಬ ಹೆಂಗಸು ಕೂಡಬೇಕು ಅಂತಾನೇ ರೂಲ್ ಅದ. ನಮ್ಮಲ್ಲಿ ಒಬ್ಬಾತ ಅಕ್ಕನ್ನ ಸುಮ್ನ ನೋಡ್ಲಿಕ್ಕಿ ಕರ್ಕೊಂಡು ಬಂದಿದ್ದ, ಈಗ ಗಾಳಿ ಜೋರಿದ್ರ ಆಕಿನ್ನೇ ಮೊದ್ಲು ಕೇಳ್ತೀವಿ.

ಬೋಟು ತರೋ ಮೊದ್ಲು

ಎಲ್ಲಾರೂ ಒಂದೇ ಜಾತಿ ಬೋಟ್ ತರ್ರಿ. ಒಬ್ಬ ಒಂದು ಥರ ತಂದ, ಇನ್ನೊಬ್ಬ ಇನ್ನೊಂದು ಥರ ತಂದ ಅಂದ್ರ ಟೈಮಿಗಿ ಹ್ಯಾಂಡಿಕ್ಯಾಪ್ ನಂಬರ್ (ಯಾವ ಜಾತಿ ಬೋಟ್ ಎಷ್ಟು ಜೋರು ಅನ್ನೋ ಲೆಕ್ಕ) ಹಾಕಿ ಭಾಗಿಸಿ ಗೆದ್ದವ್ರು ಯಾರು ಅಂತ ಹೇಳ್ಬೇಕಾಗ್ತದ, ದಂಡಿಗಿ ಬಂದು ಕ್ಯಾಲ್ಕುಲೇಟರ್ ಒತ್ತೋದ್ರಾಗ ಮಜಾ ಹೋಗ್ತದ. ನಮ್ಗ ಹೋಬಿ 16 ಸರಿ ಅನ್ಸಿತು ಯಾಕಂದ್ರ ಉದ್ದ 5 ಮೀಟರ್ ಮ್ಯಾಲ ಚೂರು, ತೂಕ 145 ಕೆಜಿ, ನಾಲ್ಕು ಮಂದಿ ಹಿಡ್ದ್ರ ಎತ್ತಬಹುದು. ಮತ್ತ ನೀರಾಗ ಇಳಿಬಿಡೋ ಹಲಗಿ ಇಲ್ಲ, ಚುಕ್ಕಾಣಿ ಏನಾದ್ರೂ ತಗಲಿದ್ರ ತಾನೇ ಮ್ಯಾಲ ಏಳ್ತದ, ಹಿಂಗಾಗಿ ನಮ್ಮ ಡ್ಯಾಮ್ ದಂಡಿಯಾಗಿನ ಕಲ್ಲು, ಮುಳುಗಿದ ಜಾಲಿ ಬೊಡ್ಡಿಗಿ ಅಷ್ಟು ಹೆದರಬೇಕಾಗಿಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳೋವಾಗ ಪಾಲಿಶ್ ನೋಡಿ ಮರುಳಾಗಬ್ಯಾಡ್ರಿ. ಎರಡೂ ಒಡಲಿನ ಮ್ಯಾಲ ಹಾಯಿ ಕಂಬದ ಮುಂದಿನ ಭಾಗ ಅಂಗೈಯಿಂದ ಒತ್ತಿಕೋತ ಹೋಗ್ರಿ, ಮೆತ್ತಗಾಗಿ ಕರ್ರ್ ಅಂತ ಸಪ್ಪಳ ಬಂತು ಅಂದ್ರ ಒಳಗ ಫೈಬರ್ ಪದರ ಬಿಟ್ಟದ ಅಂತ ಅರ್ಥ, ಕೈಮುಗ್ದು ಬಂದುಬಿಡ್ರಿ. ನಮ್ಮ ಬಿಸಿಲಿಗಿ ಹಾಯಿ, ಎರಡು ಒಡಲಿನ ನಡುವ ಬಿಗಿದ ಬಲಿ ಬಟ್ಟಿ ಎರಡೂ ಬೇಗ ಹರೀತಾವ, ನೆರಳು ಮಾಡಿ ಇಡ್ರಿ. ಒಡಲಿನ ಹಿಂದ ನೀರು ಬಸಿಯೋ ಒಂದು ಸಣ್ಣ ಬೂಚು ಇರ್ತದ, ಅದು ಹಾಕೋದು ಮರ್ತು ನಾನು ಒಂದ್ಸಲ ಅರ್ಧ ಕಿಲೋಮೀಟರ್ ಹೋದ ಮ್ಯಾಲ, ಇದೇನು ಎಡಕ್ಕೇ ವಾಲ್ಲತ್ತದಲ್ಲ, ಗಾಳಿ ಎಲ್ಲಿಂದ ಬಂತು ಅಂತ ಯೋಚನೆ ಮಾಡ್ಲತ್ತಿದ್ದೆ, ಹಿಂದ್ ತಿರುಗಿ ನೋಡಿದ್ರ ಮೂಲಿ ನೀರಾಗ! ಈಗ ಬೂಚು ಹಾಕಿದೋನು ಜೋರಾಗಿ ಬೂಚ್ ಅಂತ ಕೂಗಬೇಕು, ಕೂಗ್ದೇ ಬೋಟ್ ನೀರಿಗಿ ಇಳಿಯಂಗಿಲ್ಲ.

ಎಲ್ಲಕ್ಕಿಂತ ದೊಡ್ಡ ಮಾತು ಇದು. ಕಂಬ 8 ಮೀಟರ್ ಅದ, ಅಲ್ಯೂಮಿನಿಯಂ. ಡ್ಯಾಮ್ ದಂಡಿಯಾಗ ಎಲ್ಲಾ ಕಡೆ ಪಂಪ್‌ಸೆಟ್ ವೈರ್ ಜೋತಾಡ್ತಿರ್ತಾವ. ಬೋಟ್ ಜೋಡ್ಸೋ ಜಾಗಾ ಆರಿಸೋ ಮೊದ್ಲು ತಲಿ ಎತ್ತಿ ಮ್ಯಾಲ ನೋಡ್ರಿ, ಆಮೇಲೆ ನೆಲ ನೋಡ್ರಿ. ಕಂಬ ನಿಲ್ಲಿಸಿದ ಬೋಟ್ ಹೊಲದ ದಾರ್ಯಾಗ ಒಂದು ಹೆಜ್ಜೀನೂ ಉರುಳಸಬ್ಯಾಡ್ರಿ.

ನೀರು, ಗಾಳಿ, ಬಲಿ

ಡ್ಯಾಮ್ ನೀರಾವರಿ ಇಲಾಖೆ ಕೈಯಾಗ ಇರ್ತದ, ಬರದು ಅರ್ಜಿ ಕೊಟ್ಟು ಪರ್ಮಿಷನ್ ತಗೊಳ್ರಿ, ಠಾಣಾದಾಗೂ ಒಂದು ಮಾತು ತಿಳಿಸ್ರಿ, ಗೇಟ್ ಮತ್ತು ಕಟ್ಟಿ ಕಡೆ ಹೋಗಲೇಬ್ಯಾಡ್ರಿ. ಲೈಫ್ ಜಾಕೆಟ್ ಇಲ್ಲದೋರು ಬೋಟ್ ಹತ್ತಂಗಿಲ್ಲ, ಒಂದು ಮೋಟಾರ್ ಬೋಟ್ ಜೊತಿಗಿ ಇರ್ಲೇಬೇಕು, ಅದಿಲ್ಲಂದ್ರ ಅವತ್ತು ರೇಸ್ ಇಲ್ಲ.

ಇಲಾಖೆಗಿಂತ ಮುಖ್ಯ ಮೀನುಗಾರರು. ನಾವು ಮುಂಜಾನೆ ಹೋದ ಕೂಡ್ಲೇ ಮೊದ್ಲು ಅಲ್ಲಿ ಹರಿಗೋಲು ಹಾಕೋ ಕಾಕಾನ ಹತ್ರ ಹೋಗ್ತೀವಿ, ಕಾಕಾ ಇವತ್ತು ಬಲಿ ಎಲ್ಲೆಲ್ಲಿ ಬಿಟ್ಟೀರಿ ಅಂತ ಕೇಳ್ತೀವಿ, ಅವ್ರು ಬೀಡಿ ಹಿಡಿದ ಕೈಯಿಂದಾನೇ ಆ ಬಾಟಲಿ ಕಾಣ್ತದಲ್ಲ ತಮ್ಮಾ, ಅಲ್ಲಿಂದ ಆ ಮರದ ತನಕ ಬರಬ್ಯಾಡ್ರಿ ಅಂತ ಗೆರಿ ಎಳ್ದಂಗ ತೋರಿಸ್ತಾರ. ಆ ಗೆರಿ ಬಿಟ್ಟು ರೇಸಿನ ಗುರುತು ಹಾಕ್ತೀವಿ. ಒಂದ್ಸಲ ಬಲಿ ಹರದ್ರಿ ಅಂದ್ರ ನಿಮ್ಮ ಕ್ಲಬ್ ಅಲ್ಲಿಗೇ ಮುಗೀತು.

ನಮ್ಮ ಕಡೆ ಸಮಸ್ಯೆ ಏನಂದ್ರ ಗಾಳಿ ಮೊದ್ಲು ಬರ್ತದ, ನೀರು ಆಮೇಲೆ. ಜೂನ್‌ನಾಗ ಪಡುವಣ ಗಾಳಿ ಜೋರು, ಆದ್ರ ಡ್ಯಾಮ್ ಕೆಳಗ ಹೋಗಿರ್ತದ, ದಂಡಿ ತುಂಬ ಎರಿ ಮಣ್ಣಿನ ಕೆಸರು, ಮೊಣಕಾಲ ತನಕ ಹುಗೀತದ. ಮಳಿ ಚೊಲೋ ಆದ ವರ್ಷ ಆಗಸ್ಟ್, ಸೆಪ್ಟೆಂಬರ್‌ನಾಗ ಗಾಳಿ ನೀರು ಎರಡೂ ಕೂಡ್ತಾವ, ರೇಸ್ ಅವಾಗಿಡ್ರಿ. ಚಳಿಗಾಲದಾಗ ಗಾಳಿ ಮೆತ್ತಗ, ಹೊಸಬ್ರಿಗಿ ಕಲಸ್ಲಿಕ್ಕಿ ಅದೇ ಛಂದ. ಏಪ್ರಿಲ್ ಮೇದಾಗ ಮಧ್ಯಾಹ್ನ ಕರಿ ಮೋಡ ಏಳ್ತು ಅಂದ್ರ ಮಾತಾಡದೇ ಕಂಬ ಇಳಸ್ರಿ, ಸಿಡಿಲಿಗಿ ಆ ಕಂಬಾನೇ ಸಾಕು.

ಎರಡೇ ಬೋಟಿನ ರೇಸ್

ಎರಡು ನೀಲಿ ಪ್ಲಾಸ್ಟಿಕ್ ಡ್ರಮ್, ಹಗ್ಗ, ಉಸುಕಿನ ಚೀಲ, ಇಷ್ಟೇ. ಒಂದು ಡ್ರಮ್ ಗಾಳಿ ಬರೋ ದಿಕ್ಕಿಗಿ, ಇನ್ನೊಂದು ಗಾಳಿ ಹೋಗೋ ದಿಕ್ಕಿಗಿ, ಎರಡು ಸುತ್ತು ಹೊಡೀರಿ, 15 ನಿಮಿಷದಾಗ ಮುಗೀಬೇಕು. ಸ್ಟಾರ್ಟಿಗಿ ಸೀಟಿ ಸಾಕು: 5 ನಿಮಿಷ ಮೊದ್ಲು, 4, 1, ಆಮೇಲೆ ಹೊರಡೋದು, ದೊಡ್ಡ ರೇಸ್‌ನಾಗೂ ಇದೇ ಲೆಕ್ಕ ಅದ, ರೂಢಿ ಆಗ್ತದ. ನಿಯಮ ಪುಸ್ತಕ ದಪ್ಪ ಅದ, ಹೊಸಬ್ರಿಗಿ ಎರಡೇ ಹೇಳ್ರಿ. ಗಾಳಿ ಎಡಗಡೆಯಿಂದ ಬಡಿಯೋ ಬೋಟ್, ಬಲಗಡೆಯಿಂದ ಬಡಿಯೋ ಬೋಟಿಗಿ ದಾರಿ ಬಿಡಬೇಕು. ಇಬ್ಬರಿಗೂ ಒಂದೇ ಕಡೆಯಿಂದ ಗಾಳಿ ಇದ್ರ ಗಾಳಿ ಕಡೆ ಇರೋನು ಬಿಡಬೇಕು.

ಪಾಯಿಂಟ್ ಬೋಟಿಗಿ ಕೊಡಬ್ಯಾಡ್ರಿ, ಮನಷ್ಯಾರಿಗಿ ಕೊಡ್ರಿ. ಮೊದ್ಲು ಬಂದವ್ರಿಗಿ 1, ಎರಡನೇದು 2, ಕಡಿಮಿ ಇದ್ದೋರು ಗೆದ್ದ್ರು. ಪ್ರತಿ ರೇಸ್ ಆದ ಮ್ಯಾಲ ಬೋಟ್ ಅದಲುಬದಲು, ಜೋಡಿನೂ ಅದಲುಬದಲು. ಎಂಟು ಮಂದಿ ಬಂದ್ರೂ ಮುಂಜಾನೆದಾಗ ಆರು ರೇಸ್ ಹೊಡದ್ರ ಎಲ್ಲಾರಿಗೂ ಮೂರು ಮೂರು ಸಲ ಸೀಟ್ ಸಿಗ್ತದ. ನನ್ ಬೋಟು ಹಳೇದು ಅಂತ ನೆವ ಹೇಳ್ಲಿಕ್ಕಿ ಯಾರಿಗೂ ಜಾಗಾ ಇರಂಗಿಲ್ಲ. ಮತ್ತ ಹೊಸಬ ಒಬ್ಬ ಚೊಲೋ ಚುಕ್ಕಾಣಿಯವನ ಜೊತಿ ಕೂತು ಗೆದ್ದ ಅಂದ್ರ ಆತ ಮುಂದಿನ ವಾರ ತಮ್ಮನ್ನೂ ಕರ್ಕೊಂಡು ಬರ್ತಾನ.

ಹೊರಗಿನ ರೆಗಟ್ಟಾಗಿ (ಹಾಯಿ ಬೋಟ್ ರೇಸ್ ಕೂಟಕ್ಕ) ಹೋಗೋದು

ಮೊದಲನೇ ಸಲ ಬೋಟ್ ಒಯ್ಯಬ್ಯಾಡ್ರಿ, ಮಂದಿ ಒಯ್ಯಿರಿ. ಹುಸೇನ್ ಸಾಗರದಾಗ ಮಳಿಗಾಲಕ್ಕ, ಜುಲೈ ಆಸುಪಾಸು ರೆಗಟ್ಟಾ ಆಗ್ತಾವ, ಅಲ್ಲಿ ಹೆಚ್ಚು ಒಂದೇ ಒಡಲಿನ ಸಣ್ಣ ಬೋಟ್‌ಗಳೇ, ನಮ್ಮ ಕ್ಲಾಸ್, ಅಂದ್ರ ನಮ್ಮ ಜಾತಿ ಬೋಟ್, ಸಿಗೋದು ಕಮ್ಮಿ, ಆದ್ರೂ ಹೋಗ್ರಿ. ಬೀದರ್‌ನಿಂದ ಜಹೀರಾಬಾದ್, ಸಂಗಾರೆಡ್ಡಿ ಮ್ಯಾಲಾಸಿ ಸುಮಾರು 140 ಕಿಲೋಮೀಟರ್, ನಸುಕಿನಾಗ ಒಂದು ಕ್ರೂಸರ್ ಗಾಡಿ ಮಾಡ್ಕೊಂಡು ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಂಡು ಹೊಂಟ್ರ ಮೊದಲನೇ ರೇಸಿಗಿ ಮುಟ್ತೀರಿ. ರೇಸಿನ ಗುರುತು ಹಾಕೋ ಬೋಟ್‌ನಾಗ ಕೈಗೂಡಿಸ್ಲಿಕ್ಕಿ ಮಂದಿ ಬೇಕಾ ಅಂತ ಮೊದ್ಲೇ ಫೋನ್ ಮಾಡಿ ಕೇಳ್ರಿ, ಇಂಥ ಕೆಲಸಕ್ಕ ಕೈ ಯಾವಾಗ್ಲೂ ಕಮ್ಮಿ ಇರ್ತಾವ. ರೇಸ್ ನಡಸೋರು ಕೂಡೋ ಕಮಿಟಿ ಬೋಟ್‌ನಾಗ ಒಂದು ದಿನ ಕೂತವ್ನು ಕಲಿಯೋವಷ್ಟು ನಮ್ಮ ಕೆರಿಯಾಗ ಆರು ತಿಂಗಳು ಕಲಿಯಂಗಿಲ್ಲ. ಕಲಬುರಗಿಯವ್ರಿಗಿ ಇನ್ನೂ ಹಗುರ, ಮುಂಬೈ ಚೆನ್ನೈ ರೈಲು ದಾರಿ ಮನಿ ಮುಂದೇ ಅದ, ಎರಡೂ ಕಡೆ ಹಳೇ ಸೇಲಿಂಗ್ ಕ್ಲಬ್ ಅವ.

ಬೋಟ್ ಒಯ್ಯೋದಾದ್ರ ಮೊದ್ಲು ನೋಟಿಸ್ ಆಫ್ ರೇಸ್ (ರೇಸ್ ನಡಸೋರು ಕೊಡೋ ಸೂಚನಾ ಪತ್ರ) ಓದ್ರಿ, ಒಂದು ಕ್ಲಾಸಿಗಿ ಕನಿಷ್ಠ ಎಷ್ಟು ಬೋಟ್ ಬೇಕು ಅಂತ ಅದ್ರಾಗ ಇರ್ತದ. ಎರಡೂ ಬೋಟ್ ಬಿಚ್ಚಿ ಒಂದೇ ಗಾಡಿಯಾಗ ಹಾಕ್ರಿ. ಒಡಲು 17 ಫೀಟ್ ಐಷರ್‌ನಾಗ ಹಿಡೀತದ, ಆದ್ರ ಕಂಬ 26 ಫೀಟ್ ದಾಟ್ತದ, ಹೊರಗ ಚಾಚಿ ಕಟ್ಕೊಂಡು ಹೋಗಿ ಹೈವೇದಾಗ ದಂಡ ಕಟ್ಟಬ್ಯಾಡ್ರಿ, ಖಾಲಿ ವಾಪಸ್ ಹೋಗೋ 32 ಫೀಟ್ ಕಂಟೇನರ್ ಹುಡುಕ್ರಿ, ಬಾಡಿಗಿನೂ ಸಸ್ತಾ ಬೀಳ್ತದ. ನಟ್ಟು ಬೋಲ್ಟು ಬೋಟಿಗೊಂದು ಡಬ್ಬಿ ಮಾಡಿ ಹೆಸರು ಬರೀರಿ. ಅಲ್ಲಿ ಮತ್ತ ಜೋಡ್ಸಿದ ಮ್ಯಾಲ ಫ್ರೇಮ್ ಮೂಲಿಯಿಂದ ಮೂಲಿಗಿ ಟೇಪ್ ಹಿಡೀರಿ, ಎರಡೂ ಅಳತಿ ಒಂದೇ ಬರಬೇಕು, ಇಲ್ಲಂದ್ರ ಬೋಟ್ ಕುಂಟ್ತದ.

ಖರ್ಚು ಮಾಲಕ್ರಷ್ಟೇ ಹೊರಬ್ಯಾಡ್ರಿ, ಹೋಗೋ ಎಲ್ಲಾರಿಗೂ ಸಮ ಹಂಚ್ರಿ, ವಿದ್ಯಾರ್ಥಿಗಳಿಗಿ ಅರ್ಧ. ವಾಪಸ್ ಬರೋವಾಗ ಜಹೀರಾಬಾದ್ ಹತ್ರ ಚಹಾಕ್ಕ ನಿಲ್ಲಿಸಿದಾಗ, ಎಲ್ಲಾರೂ ದಣದು ಖುಷಿಯಾಗಿರೋವಾಗಾನೇ, ಸೆಪ್ಟೆಂಬರ್‌ನಾಗ ಕಾರಂಜಾಕ್ಕ ಬರ್ರಿ, ಬೋಟ್ ನಮ್ದು, ಊಟ ನಮ್ದು ಅಂತ ಅವತ್ತು ಭೇಟಿಯಾದ ಹೈದ್ರಾಬಾದ್ ಮಂದಿಗಿ ಮೆಸೇಜ್ ಹಾಕಿಬಿಡ್ರಿ, ತಾರೀಖು ಸಮೇತ.