ಕೋಲಾರದ ಬೋರ್‌ವೆಲ್ ನೀರಿನ ಟ್ರಿಟಿಯಂ: ಎಷ್ಟು ಪಟ್ಟು ಸಾಂದ್ರವಾಯಿತೆಂದು ಅಳೆಯುವುದು

ಸಾವಿರ ಅಡಿ ದಾಟಿದ ಬೋರ್‌ವೆಲ್‌ನಲ್ಲಿ ಬರುವುದು ಈಚಿನ ಮಳೆಯ ನೀರೋ, 1950ಕ್ಕೂ ಹಿಂದೆ ಇಂಗಿದ್ದೋ? ಮಳೆನೀರಿನಲ್ಲಿರುವ ಟ್ರಿಟಿಯಂ (ವಿಕಿರಣ ಸೂಸುತ್ತ ವರ್ಷ ಕಳೆದಂತೆ ಕಡಿಮೆಯಾಗುವ, ಹೈಡ್ರೋಜನ್‌ನ ಭಾರದ ರೂಪ) ಎಷ್ಟಿದೆ ಎಂದು ನೋಡಿದರೆ ಸುಳಿವು ಸಿಗುತ್ತದೆ. ಆದರೆ ಅದರ ಅಳತೆಯಾದ ಒಂದು ಟಿ.ಯು. (ಟ್ರಿಟಿಯಂ ಯೂನಿಟ್) ಅಂದರೆ ಲೀಟರಿಗೆ ಬರೀ 0.118 ಬೆಕೆರೆಲ್ (ವಿಕಿರಣದ ಮಾನ). ಹಾಗಾಗಿ ಮೊದಲು ವಿದ್ಯುದ್ವಿಭಜನೆಯಿಂದ ಸಾಂದ್ರಗೊಳಿಸಬೇಕು.

ಸಂಪು, ಸಿಂಟೆಕ್ಸ್ ನೀರು ಬೇಡ. ಪಂಪು ಅರ್ಧ ಗಂಟೆ ಓಡಿದ ಮೇಲೆ ಡೆಲಿವರಿ ಪೈಪಿನಿಂದಲೇ ಒಂದು ಲೀಟರ್ ಬಾಟಲಿಗೆ ಕಂಠಮಟ್ಟ ಹಿಡಿಯಿರಿ. ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು) ತುಂಬಿದ ಕೆರೆ ಪಕ್ಕದಲ್ಲಿದ್ದರೆ ಹೋಲಿಕೆಗೆ ಅದರದೂ ಒಂದು ಬಾಟಲಿ ಇರಲಿ.

ನೀರನ್ನು ಪೂರ್ತಿ ಬಟ್ಟಿ ಇಳಿಸಿ; ಅರ್ಧಕ್ಕೆ ನಿಲ್ಲಿಸಿದರೆ ಹಗುರ ನೀರೇ ಹೆಚ್ಚು ಬಂದು ಅನುಪಾತ ಕೆಡುತ್ತದೆ. 500 ಗ್ರಾಂ ತೂಗಿ ವಿದ್ಯುದ್ವಿಭಜನೆಯ ಕೋಶಕ್ಕೆ ಹಾಕಿ: ಮೈಲ್ಡ್ ಸ್ಟೀಲ್ ಕ್ಯಾಥೋಡ್, ಸ್ಟೇನ್‌ಲೆಸ್ ಆನೋಡ್. ಸೋಡಿಯಂ ಪೆರಾಕ್ಸೈಡ್ 2 ಗ್ರಾಂ, ಚಿಟಿಕೆ ಚಿಟಿಕೆಯಾಗಿ, ಕನ್ನಡಕ ಹಾಕಿಕೊಂಡೇ ಬೆರೆಸಿ; ಕಾಸ್ಟಿಕ್ ಸೋಡಾದಲ್ಲಿ ತನ್ನದೇ ಹೈಡ್ರೋಜನ್ ಇರುತ್ತದೆ, ಇದರಲ್ಲಿಲ್ಲ. ಕೋಶವನ್ನು 2ರಿಂದ 4 ಡಿಗ್ರಿಯಲ್ಲಿಡಿ. ಒಂದು ಗ್ರಾಂ ನೀರು ಒಡೆಯಲು 2.975 ಆಂಪಿಯರ್-ಗಂಟೆ ಬೇಕು. 20 ಗ್ರಾಂ ಉಳಿಸಿಕೊಳ್ಳಲು 1428, ಅಂದರೆ 10 ಆಂಪಿಯರ್‌ನಲ್ಲಿ ಸುಮಾರು ಆರು ದಿನ. ಒಂದೊಂದು ಕೋಶದಿಂದಲೂ 600 ಲೀಟರ್‌ನಷ್ಟು ಹೈಡ್ರೋಜನ್, ಜೊತೆಗೆ ಆಮ್ಲಜನಕ ಬರುತ್ತದೆ. ಪೈಪು ಕಟ್ಟಡದ ಹೊರಗೇ ಹೋಗಲಿ, ಹತ್ತಿರ ಕಿಡಿ ಬೇಡ. ಕರೆಂಟು ಹೋಗಿ ಬರುವ ಊರಲ್ಲಿ ಯುಪಿಎಸ್ ಇಲ್ಲದೆ ಶುರುಮಾಡಲೇಬೇಡಿ. ಕೊನೆಗೆ ತೂಗಿದಾಗ ಆಂಪಿಯರ್-ಗಂಟೆಯ ಲೆಕ್ಕಕ್ಕಿಂತ ಹೆಚ್ಚು ನೀರು ಕಡಿಮೆಯಾಗಿದ್ದರೆ ಆವಿಯೋ ತುಂತುರೋ ಹೊರಟುಹೋಗಿದೆ.

500ನ್ನು 20ರಿಂದ ಭಾಗಿಸಿ 25 ಪಟ್ಟು ಎಂದುಕೊಳ್ಳುವುದೇ ದೊಡ್ಡ ತಪ್ಪು. ಸ್ವಲ್ಪ ಟ್ರಿಟಿಯಂ ಅನಿಲದ ಜೊತೆ ಹೋಗಿರುತ್ತದೆ, ಎಷ್ಟೆಂಬುದು ಕೋಶದಿಂದ ಕೋಶಕ್ಕೆ ಬೇರೆ. ಅದಕ್ಕೆ ಅದೇ ನೀರಿನ ಡ್ಯೂಟೀರಿಯಂ (ವಿಕಿರಣವಿಲ್ಲದ ಭಾರ ಹೈಡ್ರೋಜನ್; ಕೋಶದಲ್ಲಿ ಇದೂ ಟ್ರಿಟಿಯಂನಂತೆ ಸಾಂದ್ರವಾಗುತ್ತದೆ) ಅಳೆಯಬೇಕು.

ಉಳಿದ ದ್ರಾವಣಕ್ಕೆ ಇಂಗಾಲದ ಡೈಆಕ್ಸೈಡ್ ಹಾಯಿಸಿ. ಇಲ್ಲವಾದರೆ ಹೈಡ್ರಾಕ್ಸೈಡ್‌ನಲ್ಲಿ ಸಿಕ್ಕಿಬಿದ್ದ ಹೈಡ್ರೋಜನ್ ಹೊರಗೆ ಬರುವುದಿಲ್ಲ. ಆಮೇಲೆ ನಿರ್ವಾತದಲ್ಲಿ ಒಣಗುವ ತನಕ ಬಟ್ಟಿ ಇಳಿಸಿ. ಈ ನೀರಿನಲ್ಲಿ ಡ್ಯೂಟೀರಿಯಂ ಸುಮಾರು 15 ಪಟ್ಟು ಏರಿರಬಹುದು. ಅಯಾನುಗಳನ್ನು ದ್ರವ್ಯರಾಶಿಯಿಂದ ಬೇರ್ಪಡಿಸಿ ಎಣಿಸುವ ಮಾಸ್ ಸ್ಪೆಕ್ಟ್ರೋಮೀಟರಿಗೆ ನೇರ ಕೊಟ್ಟರೆ ಅಳತೆಯ ವ್ಯಾಪ್ತಿ ಮೀರುತ್ತದೆ, ಮುಂದಿನ ಸ್ಯಾಂಪಲ್‌ಗಳಿಗೂ ಅಂಟುತ್ತದೆ. 1 ಗ್ರಾಂಗೆ ಅನುಪಾತ ಗೊತ್ತಿರುವ ನೀರು 50 ಗ್ರಾಂ ಬೆರೆಸಿ, ಎರಡನ್ನೂ ತೂಗಿಯೇ. ಆಗ ಡೆಲ್ಟಾ ಬೆಲೆ (ಮಾನಕ ನೀರಿಗಿಂತ ಡ್ಯೂಟೀರಿಯಂ ಅನುಪಾತದ ವ್ಯತ್ಯಾಸ) ಸಾವಿರಕ್ಕೆ +300ರ ಆಸುಪಾಸಿಗೆ ಇಳಿಯುತ್ತದೆ. ಮಾಪನಾಂಕಕ್ಕೆ ವಿ-ಸ್ಮೋ (ಡೆಲ್ಟಾ ಸೊನ್ನೆ ಎಂದು ಒಪ್ಪಿಕೊಂಡ ಅಂತಾರಾಷ್ಟ್ರೀಯ ಮಾನಕ ನೀರು) ಒಂದೇ ಸಾಲದು, ಧನ ಬದಿಯ ಮಾನಕವೂ ಬೇಕು. ಮೂರು ಹೈಡ್ರೋಜನ್ ಸೇರಿದ ಅಯಾನು ದ್ರವ್ಯರಾಶಿ 3ರಲ್ಲೇ ಬಿದ್ದು ಡ್ಯೂಟೀರಿಯಂನಂತೆ ಕಾಣುತ್ತದೆ. ಅನಿಲದ ಒತ್ತಡ ಬದಲಿಸಿ ಅದರ ತಿದ್ದುಪಡಿಯನ್ನು ದಿನಾ ತೆಗೆಯಿರಿ. ಪ್ರತಿ ಸ್ಯಾಂಪಲ್‌ನ ಮೊದಲ ಕೆಲವು ಇಂಜೆಕ್ಷನ್ ಬಿಟ್ಟುಬಿಡಿ.

ಪ್ರತಿ ಬ್ಯಾಚಿನಲ್ಲಿ ಟ್ರಿಟಿಯಂ ಪ್ರಮಾಣ ಗೊತ್ತಿರುವ ನೀರಿನ ಎರಡು ಕೋಶ, ಟ್ರಿಟಿಯಂ ಇಲ್ಲದ ಹಳೇ ನೀರಿನದೊಂದು ಇರಲಿ. ಮೊದಲ ಎರಡರಿಂದ ಡ್ಯೂಟೀರಿಯಂ ಏರಿಕೆಗೂ ಟ್ರಿಟಿಯಂ ಏರಿಕೆಗೂ ಇರುವ ನಂಟು ಸಿಗುತ್ತದೆ. ಉಳಿದ ಕೋಶಗಳಿಗೆ ಅದನ್ನೇ ಹಚ್ಚಿ. ನೀರನ್ನು 25 ಪಟ್ಟು ಇಳಿಸಿದಾಗ ಟ್ರಿಟಿಯಂ 20 ಪಟ್ಟಿನ ಹತ್ತಿರ ಏರಿದ್ದರೆ ಕೋಶ ಚೆನ್ನಾಗಿದೆ. ಒಂದೇ ಕೋಶ ಪದೇಪದೇ ಹಿಂದೆ ಬಿದ್ದರೆ ಕ್ಯಾಥೋಡ್ ಬಿಚ್ಚಿ ಮೇಲ್ಮೈ ನೋಡಿ. ಹಳೇ ನೀರಿನ ಕೋಶದಲ್ಲೇ ಟ್ರಿಟಿಯಂ ಕಂಡರೆ ಕೋಣೆಯ ತೇವ ಒಳಸೇರಿದೆ. ಸಿಲಿಕಾ ಜೆಲ್ ಬದಲಿಸಿ, ಆ ಬ್ಯಾಚನ್ನು ಮತ್ತೆ ಮಾಡಿ.