ಗೆರಿಲ್ಲಾ ಯುದ್ಧದ ಇತಿಹಾಸ ಓದ್ಬೇಕಾ? ಮೊದ್ಲು ಚಿತ್ರದುರ್ಗದ ಕೋಟೆ ಹತ್ರಿ

ದಪ್ಪ ಪುಸ್ತಕ ಹಿಡ್ಕೊಂಡು ಕೂತ್ರೆ ನಿದ್ದೆ ಬರುತ್ತೆ, ಅದಕ್ಕೇ ಹೇಳೋದು, ಬಿಸಿಲೇರೋಕೆ ಮುಂಚೆ ನೀರಿನ ಬಾಟ್ಲಿ ತಗೊಂಡು ಕೋಟೆ ಹತ್ರಿ. ಬಾಗಿಲು ದಾಟೋವಾಗ ದಾರಿ ಯಾಕೆ ಹಾವಿನ ಥರ ತಿರುಗುತ್ತೆ ನೋಡಿ, ಆನೆಗೆ ಓಡಿ ಬಂದು ಗುದ್ದೋಕೆ ಜಾಗನೇ ಸಿಗಲ್ಲ. ಆಮೇಲೆ ಓಬವ್ವನ ಕಿಂಡಿಲಿ ನೀವೇ ನುಸುಳಿ (ನನ್ ಹೊಟ್ಟೆ ಸಿಕ್ಕಾಕೊಂಡಿತ್ತು, ಅದು ಬಿಡಿ), ಒಬ್ಬೊಬ್ರೇ ಬಗ್ಗಿಕೊಂಡು ಬರ್ಬೇಕು, ಹಿಂದೆ ಎಷ್ಟು ಸಾವಿರ ಜನ ಇದ್ರೂ ಅಲ್ಲಿ ತಲೆ ತೂರ್ಸೋನು ಒಬ್ನೇ, ಒನಕೆ ಸಾಕಾಯ್ತು ಅಂತಾರಲ್ಲ ಅದರ ಲೆಕ್ಕ ಇದೇ.

ಈಗ ಉಲ್ಟಾ ಕಡೆಯಿಂದ, ಅಂದ್ರೆ ಎದುರಾಳಿನ ಹತ್ತಿಕ್ಕೋರ ಕಡೆಯಿಂದ ನೋಡಿ. 1779ರಲ್ಲಿ ಹೈದರಾಲಿ ದುರ್ಗ ಹಿಡಿದ್ಮೇಲೆ ಅಷ್ಟಕ್ಕೇ ಸುಮ್ನಾಗ್ಲಿಲ್ಲ, ದುರ್ಗದ ಪರ ಕಾದಾಡ್ತಿದ್ದ ಬೇಡರನ್ನ ಸಾವಿರಾರು ಲೆಕ್ಕದಲ್ಲಿ ಶ್ರೀರಂಗಪಟ್ಟಣಕ್ಕೆ ಸಾಗಿಸ್ದ, ಹುಡುಗರನ್ನ ಚೇಲಾ ಪಡೆಗೆ (ಸೆರೆ ಸಿಕ್ಕ ಹುಡುಗರನ್ನೇ ಪಳಗಿಸಿ ಕಟ್ಟಿದ ಸೈನ್ಯ) ಸೇರಿಸ್ದ. ಇದನ್ನ 1950ರ ಮಲಯಾದ (ಈಗಿನ ಮಲೇಷ್ಯಾದ ಭಾಗ) ಬ್ರಿಗ್ಸ್ ಪ್ಲಾನ್ ಪಕ್ಕ ಇಟ್ಟು ಓದಿ, ಬ್ರಿಟಿಷರು ಕಾಡಂಚಿನ ಸುಮಾರು 5 ಲಕ್ಷ ಜನರನ್ನ ಬೇಲಿ ಹಾಕಿದ ಹೊಸ ಊರುಗಳಿಗೆ ಎತ್ತಾಕಿದ್ರು, ಕಾಡೊಳಗಿರೋ ಬಂಡುಕೋರರಿಗೆ ಅಕ್ಕಿನೂ ಸಿಗ್ಬಾರ್ದು ಸುದ್ದಿನೂ ಸಿಗ್ಬಾರ್ದು ಅಂತ. ಬೇರೆ ಯಾವ ಬಂಡಾಯದ ಬಗ್ಗೆ ಓದಿದ್ರೂ ಗನ್ ಎಷ್ಟಿತ್ತು ಅನ್ನೋದು ಆಮೇಲೆ, ಅನ್ನ ಯಾರು ಹಾಕ್ತಿದ್ರು ಅಂತ ಮೊದ್ಲು ಪೆನ್ಸಿಲಲ್ಲಿ ಗುರುತು ಮಾಡ್ಕೊಳ್ಳಿ.