ಕತ್ತಿನ ನರ ಕೈಕೊಟ್ಟ ಮೇಲೂ ಜಿಗಿತ: ನಾನು ರಿಗ್ ಬದಲಿಸಿಕೊಂಡ ಬಗೆ

ಕತ್ತಿನ ಐದು ಮತ್ತು ಆರನೆಯ ಮೂಳೆಗಳ ನಡುವಿನ ಡಿಸ್ಕ್ ಜಾರಿ ನರವನ್ನು ಒತ್ತುತ್ತಿದೆ ಎಂದು ಸ್ಕ್ಯಾನ್ ತೋರಿಸಿದಾಗ, ನನ್ನ ಜೊತೆ ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿಯುವ ಸ್ಕೈಡೈವರ್‌ಗಳಲ್ಲಿ ಹೆಚ್ಚಿನವರು ಹೇಳಿದ್ದು ಒಂದೇ ಮಾತು: ರಿಗ್, ಅಂದರೆ ಬೆನ್ನಿಗೆ ಕಟ್ಟುವ ಇಡೀ ಪ್ಯಾರಾಶೂಟ್ ಸೆಟ್, ಮಾರಿಬಿಡು. ಇನ್ನು ಕೆಲವರು ಸ್ವಲ್ಪ ಮೆತ್ತಗೆ, ಕೆಳಗಿನಿಂದ ಗಾಳಿ ಬೀಸುವ ವಿಂಡ್ ಟನಲ್‌ನಲ್ಲಿ ಹಾರಿಕೊಂಡಿರು ಎಂದರು. ಅಲ್ಲಿಂದೀಚೆಗೆ ಮೂರು ಋತುಗಳು ಕಳೆದಿವೆ. ನಾನು ಈಗಲೂ ಜಿಗಿಯುತ್ತಿದ್ದೇನೆ. ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ಜೋಮು ಮುಕ್ಕಾಲು ಪಾಲು ಹೋಗಿದೆ. ಈಚಿನ ಸ್ಕ್ಯಾನ್‌ನಲ್ಲಿ ಡಿಸ್ಕ್ ಮೊದಲಿಗಿಂತ ಕೆಟ್ಟಿಲ್ಲ. ಮಾರಿಬಿಡು ಎಂದವರಲ್ಲೇ ಇಬ್ಬರು ನನ್ನ ಲೈನ್ ಸೆಟ್ (ಪ್ಯಾರಾಶೂಟಿನ ದಾರಗಳು) ನೋಡಿ ಅದನ್ನೇ ಹಾಕಿಸಿಕೊಂಡಿದ್ದಾರೆ.

ಡಾಕ್ಟರ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಒತ್ತಿದ್ದು ನರದ ಬೇರು ಮಾತ್ರ, ಬೆನ್ನುಹುರಿ ಅಲ್ಲ. ಹುರಿಗೇ ಒತ್ತಡವಿದ್ದಿದ್ದರೆ ಇವತ್ತಿಗೇ ನಿಲ್ಲಿಸಿ ಎನ್ನುತ್ತಿದ್ದೆ ಎಂದು ಅವರು ಖಡಾಖಂಡಿತವಾಗಿ ಹೇಳಿದ್ದರು. ಹುರಿ ಒತ್ತಿರುವವರು ಇದನ್ನು ಓದಿ ನನ್ನ ದಾರಿ ಹಿಡಿಯಬಾರದು. ಆಮೇಲೆ ಅವರು ಕೇಳಿದ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕ್ಯಾನೊಪಿ, ಅಂದರೆ ಪ್ಯಾರಾಶೂಟಿನ ಬಟ್ಟೆಯ ರೆಕ್ಕೆ, ತೆರೆದುಕೊಳ್ಳುವಾಗ ನಿಮ್ಮ ಕತ್ತಿನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಕೇಳಿದರು. ನಮ್ಮಲ್ಲಿ ಎಲ್ಲರೂ ಮೃದು, ಗಟ್ಟಿ, ಹಲ್ಲು ಕಡಿಯುವಷ್ಟು ಗಟ್ಟಿ ಎಂದು ಹೇಳುತ್ತಾರೆಯೇ ಹೊರತು ಸಂಖ್ಯೆ ಹೇಳುವವರಿಲ್ಲ.

ಹಾಗಾಗಿ ಮೊದಲು ಕೊಂಡದ್ದು ಕ್ಯಾನೊಪಿಯಲ್ಲ, ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ವೇಗೋತ್ಕರ್ಷ ಮಾಪಕ, ಹೊಡೆತದ ಜೋರನ್ನು ಅಳೆಯುವಂಥದ್ದು. ನಾಲ್ಕೈದು ಜಿಗಿತಗಳ ಟಿಕೆಟ್‌ಗೆ ಕೊಡುವಷ್ಟು ಹಣ. ಅದನ್ನು ಎದೆಪಟ್ಟಿಯ ಒಳಬದಿಗೆ ಟೇಪ್ ಸುತ್ತಿ ಕೂರಿಸಿದೆ. ಹೆಲ್ಮೆಟ್‌ಗೆ ಹಾಕಿ ನೋಡಿದ್ದೆ, ತಲೆ ಅಲುಗಿದ್ದನ್ನೆಲ್ಲ ಹಿಡಿದು ಗೊಂದಲವಾಯಿತು. ನನ್ನ ಹಳೆಯದು 9-ಸೆಲ್ (ಒಂಬತ್ತು ಗಾಳಿಕೋಣೆಗಳ) ಎಲಿಪ್ಟಿಕಲ್ ಕ್ಯಾನೊಪಿ, 150 ಚದರಡಿ, ವಿಂಗ್ ಲೋಡಿಂಗ್ (ಚದರಡಿಗೆ ಬೀಳುವ ಪೌಂಡ್ ಭಾರ) ಸುಮಾರು 1.4. ಸಾಧಾರಣ ದಿನಗಳಲ್ಲಿ ಮಾಪಕ 5ರಿಂದ 6 ಜಿ (ಮೈಭಾರದ ಐದಾರು ಪಟ್ಟು) ತೋರಿಸುತ್ತಿತ್ತು, ಆಗೊಮ್ಮೆ ಈಗೊಮ್ಮೆ 9ರ ಹತ್ತಿರ ಹೋಗುತ್ತಿತ್ತು. ಕೈ ಜೋಮು ಹಿಡಿಯುತ್ತಿದ್ದುದು ಆ 9ರ ದಿನಗಳಲ್ಲಿ. ಫ್ರೀಫಾಲ್‌ನಲ್ಲಾಗಲೀ ನೆಲಕ್ಕಿಳಿಯುವಾಗಲಾಗಲೀ ನನ್ನ ಕತ್ತಿಗೆ ಏನೂ ಆಗುತ್ತಿರಲಿಲ್ಲ. ತೊಂದರೆ ಇದ್ದದ್ದೆಲ್ಲ, ಕ್ಯಾನೊಪಿಯನ್ನು ಎಳೆದು ತೆಗೆಯುವ ಪುಟ್ಟ ಪೈಲಟ್ ಚೂಟ್ ಎಸೆದ ಮೇಲಿನ ಮೂರ್ನಾಲ್ಕು ಸೆಕೆಂಡುಗಳಲ್ಲಿ. ಇದು ತಿಳಿದ ಮೇಲೆ ಕೆಲಸ ಸುಲಭವಾಯಿತು: ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಹತ್ತಾರು ಜಿಗಿತ ನೋಡುವುದು, ಸಂಖ್ಯೆ ಇಳಿಯದಿದ್ದರೆ ಹಿಂದಕ್ಕೆ ಹಾಕುವುದು.

ಫಲಿಸದವುಗಳನ್ನು ಮೊದಲು ಹೇಳುತ್ತೇನೆ, ಹಣ ಹೆಚ್ಚು ಹೋದದ್ದು ಅಲ್ಲೇ. ಮೃದುವಾಗಿ ತೆರೆಯುತ್ತದೆ ಎಂದು ಹೆಸರು ಮಾಡಿದ್ದ ಒಂದು 9-ಸೆಲ್ 170 ಕ್ಯಾನೊಪಿಯನ್ನು ಸೆಕೆಂಡ್ ಹ್ಯಾಂಡ್ ಕೊಂಡೆ. ಮೊದಲ ವಾರ ಚೆನ್ನಾಗಿತ್ತು, ಆಮೇಲೆ ಮತ್ತೆ 7, 8. ಲೈನ್‌ಗಳನ್ನು ಅಳೆಸಿದಾಗ ಗುಟ್ಟು ಹೊರಬಿತ್ತು. ಸ್ಪೆಕ್ಟ್ರಾ ಎಂಬ ನೂಲಿನ ಲೈನ್‌ಗಳು ಸ್ಲೈಡರ್ (ಲೈನ್‌ಗಳ ಮೇಲೆ ಜಾರಿ ತೆರೆಯುವುದನ್ನು ನಿಧಾನಿಸುವ ಬಟ್ಟೆ) ಉಜ್ಜುವ ಬಿಸಿಗೆ ಕುಗ್ಗುತ್ತವೆ, ಅದರಲ್ಲೂ ಹೊರಬದಿಯ ಸ್ಟೀರಿಂಗ್ ಲೈನ್‌ಗಳು ಹೆಚ್ಚು. ಟ್ರಿಮ್, ಅಂದರೆ ಲೈನ್‌ಗಳ ಉದ್ದದ ಹೊಂದಾಣಿಕೆ, ಪೂರ್ತಿ ಕೆಟ್ಟಿತ್ತು. ಹೊಸ ಲೈನ್ ಸೆಟ್‌ಗೆ ಹೊಸ ಕ್ಯಾನೊಪಿಯ ಬೆಲೆಯ ಹೆಚ್ಚುಕಡಿಮೆ ಎಂಟನೆಯ ಒಂದು ಭಾಗ ಬಿತ್ತು. ಹಾಕಿಸಿದ ಮೇಲೆ ಸರಾಸರಿ 5ಕ್ಕೆ ಬಂದು ನಿಂತಿತು, ಅಷ್ಟೇ. ಕೊನೆಗೆ ಕೊಂಡದ್ದಕ್ಕಿಂತ ಮೂರನೆಯ ಒಂದು ಪಾಲು ಕಡಿಮೆಗೆ ಕೊಟ್ಟು ಕೈತೊಳೆದುಕೊಂಡೆ.

ಮೆತ್ತನೆಯ ಫೋಮ್ ಕಾಲರ್ ಕಟ್ಟಿಕೊಂಡೂ ಜಿಗಿದು ನೋಡಿದೆ. ಕತ್ತಿಗೆ ಹಿತವಾಗಿತ್ತು, ಆದರೆ ಗದ್ದ ತಗ್ಗಿಸಿ ಕಟ್‌ಅವೇ (ಕೆಟ್ಟ ಮುಖ್ಯ ಕ್ಯಾನೊಪಿಯನ್ನು ಕಳಚುವ) ಮತ್ತು ರಿಸರ್ವ್ (ಮೀಸಲು ಪ್ಯಾರಾಶೂಟ್ ತೆರೆಯುವ) ಹಿಡಿಗಳನ್ನು ನೋಡಲು ಆಗಲಿಲ್ಲ. ಹಿಡಿ ಕಾಣದ ಮೇಲೆ ಅದು ಎಷ್ಟು ಹಿತವಾದರೇನು? ಆ ದಿನವೇ ಬಿಚ್ಚಿಟ್ಟೆ. ಪೈಲಟ್ ಚೂಟ್ ಸ್ವಲ್ಪ ಚಿಕ್ಕದು ಮಾಡಿದರೆ ಸೆಳೆತ ಕಡಿಮೆಯಾದೀತು ಎಂದು ಒಬ್ಬರು ಹೇಳಿದ್ದರು. ಹೊಡೆತ ಇಳಿಯಲಿಲ್ಲ, ಕ್ಯಾನೊಪಿ ಮಡಿಸಿಟ್ಟ ಬ್ಯಾಗ್ ಮಾತ್ರ ಬೆನ್ನಿನಿಂದ ಏಳಲು ಹಿಂದೆಮುಂದೆ ನೋಡಿತು. ಅದನ್ನೂ ತೆಗೆದೆ. ಕ್ಯಾನೊಪಿಯ ಮೂಗಿನ ಭಾಗವನ್ನು (ಮುಂದಿನ ಅಂಚನ್ನು) ಗಟ್ಟಿಯಾಗಿ ಸುತ್ತುವುದು ಇನ್ನೊಂದು ಹಳೆಯ ಔಷಧ. ತೆರೆಯುವುದು ತಡವಾಗುತ್ತಿತ್ತು ನಿಜ, ಆದರೆ ಕ್ಯಾನೊಪಿ ಪ್ರತಿಸಲ ಬೇರೆ ಬೇರೆ ದಿಕ್ಕಿಗೆ ತಿರುಗಿಕೊಂಡು ತೆರೆಯುತ್ತಿತ್ತು. ಜೊತೆಯಲ್ಲಿ ನಾಲ್ಕು ಜನ ಇರುವಾಗ ಅದು ಬೇಡವೇ ಬೇಡ.

ಇನ್ನು ಫಲಿಸಿದ ಕಥೆ. ಸ್ಪೆಕ್ಟರ್ ಎಂಬ 7-ಸೆಲ್ ಕ್ಯಾನೊಪಿ ಮೃದುವಾಗಿ ತೆರೆಯುವುದಕ್ಕೆ ಹೆಸರಾದದ್ದು. ಡೆಮೊ ತೆಗೆದುಕೊಂಡು ಒಂದು ವಾರಾಂತ್ಯ ಜಿಗಿದಾಗ ಮಾಪಕ 4ರ ಆಸುಪಾಸಿನಲ್ಲೇ ಇತ್ತು, 5 ದಾಟಿದ ನೆನಪಿಲ್ಲ. ಆ ಮೇಲೆ 7-ಸೆಲ್ ಬಿಟ್ಟು ಆಚೆ ನೋಡಲಿಲ್ಲ. ಅಳತೆ 210 ಎಂದು ನಿಶ್ಚಯಿಸಿದೆ, ರಿಗ್ ಸೇರಿ ನನ್ನ ತೂಕ 95 ಕಿಲೊ ಇರುವುದರಿಂದ ಲೋಡಿಂಗ್ 1.0. ಲೈನ್ ಡಾಕ್ರಾನ್ (ಪಾಲಿಯೆಸ್ಟರ್ ನೂಲು) ಎಂದಾಗ ನಾವು ಜಿಗಿಯುವ ಮೈದಾನ, ಡ್ರಾಪ್‌ಜೋನ್‌ನಲ್ಲಿ ನಗು. ಅದು ವಿದ್ಯಾರ್ಥಿಗಳ ಲೈನ್, ದಪ್ಪ, ಗಾಳಿಗೆ ಅಡ್ಡ, ಫ್ಲೇರ್ (ನೆಲಕ್ಕಿಳಿಯುವಾಗ ಲೈನ್ ಎಳೆದು ವೇಗ ಕುಗ್ಗಿಸುವುದು) ಸತ್ತುಹೋಗುತ್ತದೆ ಎಂದರು. ದಪ್ಪವೆಂಬುದು ನಿಜ, ಫ್ಲೇರ್ ಸ್ವಲ್ಪ ಮೆತ್ತಗಾಗುವುದೂ ನಿಜ. ಆದರೆ ಡಾಕ್ರಾನ್ ಹಿಗ್ಗುತ್ತದೆ. ವೆಕ್ಟ್ರಾನ್, ಎಚ್‌ಎಂಎ ನೂಲಿನ ಲೈನ್‌ಗಳು ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ, ಹೊಡೆತವನ್ನು ಹಾಗೆಯೇ ಮೈಗೆ ಕಟ್ಟಿದ ಹಾರ್ನೆಸ್‌ಗೆ ಇಳಿಸುತ್ತವೆ. ಹಿಗ್ಗುವ ಲೈನ್ ಆ ಹೊಡೆತದ ತುದಿಯನ್ನು ತಾನೇ ನುಂಗುತ್ತದೆ. ಮೇಲಾಗಿ ಸ್ಪೆಕ್ಟ್ರಾದಂತೆ ಬಿಸಿಗೆ ಕುಗ್ಗಿ ಟ್ರಿಮ್ ಕೆಡಿಸುವ ಕಾಟವಿಲ್ಲ.

ಖರ್ಚು ಹೆಚ್ಚು ಬಿದ್ದದ್ದು ಕ್ಯಾನೊಪಿಗಿಂತ ಅದನ್ನು ತುಂಬುವ ಬೆನ್ನಚೀಲಕ್ಕೆ, ಕಂಟೇನರ್‌ಗೆ. 150 ಕೂರುವ ಕಂಟೇನರ್‌ನಲ್ಲಿ 210 ಕೂರುವುದಿಲ್ಲ, ಅದರ ಮೇಲೆ ಡಾಕ್ರಾನ್‌ನ ದಪ್ಪ ಬೇರೆ. ತುರುಕಿ ಮುಚ್ಚಿದ ಕಂಟೇನರ್ ನನಗೆ ಬೇಕಿರಲಿಲ್ಲ. ಬ್ಯಾಗ್ ಬಿಗಿಯಾಗಿ ಸಿಕ್ಕಿಕೊಂಡರೆ ಮಾಡಿದ್ದೆಲ್ಲ ನೀರಿಗೆ ಹಾಕಿದಂತೆ. ಹೊಸ ಕಂಟೇನರ್‌ಗೇ ಇಡೀ ಖರ್ಚಿನ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಹೋಯಿತು. ರಿಸರ್ವನ್ನು ತಾನಾಗಿ ತೆರೆಸುವ ಸೈಪ್ರೆಸ್ ಸಾಧನ ಮಾತ್ರ ಹಳೆಯದನ್ನೇ ಹೊಸದಕ್ಕೆ ಹಾಕಿದೆ, ರಿಸರ್ವ್ ದೊಡ್ಡದು ಕೊಂಡೆ. ಹಳೆಯ ಸೆಟ್ ಮಾರಿ ಬಂದದ್ದು ಹೊಸದರ ಅರ್ಧವೂ ಇಲ್ಲ. ಒಟ್ಟು ಕೈಯಿಂದ ಹೋದ ಹಣದಲ್ಲಿ ಒಂದೂವರೆ ಋತು ಆರಾಮವಾಗಿ ಜಿಗಿಯಬಹುದಿತ್ತು. ಕತ್ತು ಆಪರೇಷನ್ ಮಾಡಿಸಿದ್ದರೆ ಅದಕ್ಕಿಂತ ಹೆಚ್ಚು ಹೋಗುತ್ತಿತ್ತು ಎಂಬ ಲೆಕ್ಕ ನನ್ನದು.

ಸ್ಲೈಡರ್ ಕಥೆ ಬೇರೆಯೇ. ಪ್ಯಾರಾಶೂಟ್ ಸಿದ್ಧಪಡಿಸುವ ರಿಗ್ಗರ್ ಮೊದಲಿಗಿಂತ ಸ್ವಲ್ಪ ದೊಡ್ಡದಾದ, ಮುಂದಿನ ಅಂಚಿಗೆ ಜೇಬು ಹೊಲಿದ ಸ್ಲೈಡರ್ ಹಾಕಿಕೊಟ್ಟರು. ಜೇಬಿಗೆ ಗಾಳಿ ತುಂಬಿ ಸ್ಲೈಡರ್ ಮೇಲೆಯೇ ಹೆಚ್ಚು ಹೊತ್ತು ನಿಲ್ಲುತ್ತದೆ. ವಿಡಿಯೊದಲ್ಲಿ ಎಣಿಸಿ ನೋಡಿದಾಗ ಮೊದಲು ಎರಡೂವರೆ ಸೆಕೆಂಡಿನಲ್ಲಿ ತೆರೆಯುತ್ತಿದ್ದದ್ದು ಈಗ ಐದರ ಹತ್ತಿರ. ಮಾಪಕ 3 ತೋರಿಸುತ್ತದೆ, ಕೆಲವು ದಿನ ಅದಕ್ಕೂ ಕಡಿಮೆ. ಡಾಕ್ಟರಿಗೆ ಆ ಗ್ರಾಫ್ ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. ಪ್ಯಾಕಿಂಗ್‌ನಲ್ಲಿ ಸ್ಲೈಡರ್‌ನ ನಾಲ್ಕು ಗ್ರೊಮೆಟ್‌ಗಳು (ಮೂಲೆಯ ಲೋಹದ ಬಳೆಗಳು) ಮೇಲಿನ ತಡೆಗಳಾದ ಸ್ಟಾಪ್‌ಗಳಿಗೆ ಒತ್ತಿಕೊಂಡೇ ಇರಬೇಕು, ನಡುವಿನ ಬಟ್ಟೆಯನ್ನು ಮುಂದಕ್ಕೆ ಎಳೆದು ಅರಳಿಸಿರಬೇಕು, ಲೈನ್ ಮಡಿಸಿ ಹಿಡಿಸುವ ಸ್ಟೋ ಸಡಿಲವಾಗಿ ಲೈನ್ ಒಟ್ಟಿಗೆ ಸುರಿದುಬೀಳಬಾರದು. ಇಷ್ಟು ಎಲ್ಲರಿಗೂ ಗೊತ್ತು. ಬಟ್ಟೆಯನ್ನು ಅರಳಿಸಿದ ಮೇಲೆ ನಾನು ಅದನ್ನು ಮಡಿಸುವ ರೀತಿ ಮಾತ್ರ ಬೇರೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಓದಿ ಅರ್ಧ ತಿಳಿದು ಮಾಡಿದರೆ ಸ್ಲೈಡರ್ ಮೇಲೇ ಸಿಕ್ಕಿಕೊಳ್ಳುತ್ತದೆ, ಪಕ್ಕದಲ್ಲಿ ಮಂಡಿಯೂರಿ ಕುಳಿತವರಿಗೆ ಕೈಯಾರೆ ತೋರಿಸುತ್ತೇನೆ.

ತಡವಾಗಿ ತೆರೆಯುವ ಕ್ಯಾನೊಪಿಗೆ ಎತ್ತರ ಬೇಕು. ನನ್ನದು ಸಾವಿರ ಅಡಿ ತಿನ್ನುತ್ತದೆ. ಅಮೆರಿಕದ ಸ್ಕೈಡೈವರ್‌ಗಳ ಸಂಘ ಯುಎಸ್‌ಪಿಎ 2013ರಲ್ಲಿ, ಅನುಭವಿಗಳಾದ ಸಿ ಮತ್ತು ಡಿ ಪರವಾನಗಿಯವರು ಪ್ಯಾರಾಶೂಟ್ ತೆರೆಯಬೇಕಾದ ಕನಿಷ್ಠ ಎತ್ತರವನ್ನು 2,000ದಿಂದ 2,500 ಅಡಿಗೆ ಏರಿಸಿತು. ನಾನು ಆ ಎಲ್ಲೆಯ ಹತ್ತಿರಕ್ಕೂ ಹೋಗುವುದಿಲ್ಲ, 5,000 ಅಡಿಯಲ್ಲಿ ಎಸೆಯುತ್ತೇನೆ. ಸೈಪ್ರೆಸ್ ಸುಮಾರು 750 ಅಡಿಯಲ್ಲಿ, ಸೆಕೆಂಡಿಗೆ 35 ಮೀಟರ್ ವೇಗ ಮೀರಿದ್ದರೆ ರಿಸರ್ವ್ ಮುಚ್ಚಿರುವ ದಾರವನ್ನು ಕತ್ತರಿಸುತ್ತದೆ. ತಡವಾಗಿ ತೆರೆಯುವ ಮುಖ್ಯ ಕ್ಯಾನೊಪಿಯನ್ನು ಕೆಳಗೆ ಎಳೆದರೆ ಎರಡೂ ಒಟ್ಟಿಗೆ ಹೊರಬರುವ ಸಂಭವವುಂಟು. ಆದ್ದರಿಂದ ವಿಮಾನ ಹತ್ತುವ ಮೊದಲೇ ನನ್ನ ಎತ್ತರವನ್ನು ಎಲ್ಲರಿಗೂ ಹೇಳುತ್ತೇನೆ, ಅದಕ್ಕೆ ತಕ್ಕಂತೆ ಹೊರಡುವ ಸರದಿ ಮಾಡಿಕೊಳ್ಳುತ್ತೇವೆ.

ದೇಹದ ಭಂಗಿಗೆ ಒಂದು ಪೈಸೆ ಖರ್ಚಿಲ್ಲ, ಲಾಭ ಮಾತ್ರ ಕ್ಯಾನೊಪಿಯಷ್ಟೇ ದೊಡ್ಡದು. ಟ್ರ್ಯಾಕ್ (ಜೊತೆಯವರಿಂದ ದೂರಕ್ಕೆ ಅಡ್ಡವಾಗಿ ಹಾರುವುದು) ಮುಗಿದೊಡನೆ ಎಸೆಯುವುದನ್ನು ಬಿಟ್ಟೆ. ಎರಡು ಮೂರು ಸೆಕೆಂಡು ಎದೆ ಮೇಲೆ ಮಾಡಿ ವೇಗ ಇಳಿಸಿಕೊಂಡು, ಆಮೇಲೆ ಎಸೆಯುತ್ತೇನೆ. ಎಸೆದ ಮೇಲೆ ಬಲಭುಜದ ಮೇಲಿಂದ ಹಿಂದಕ್ಕೆ ನೋಡುವ ಚಟ ನಮ್ಮಲ್ಲಿ ಬಹಳ ಜನರಿಗಿದೆ. ಕತ್ತು ತಿರುಗಿದ ಆ ಗಳಿಗೆಯಲ್ಲೇ ಹೊಡೆತ ಬೀಳುತ್ತದೆ. ಈಗ ಕಣ್ಣು ದಿಗಂತದ ಮೇಲಿರುತ್ತದೆ, ಗದ್ದ ಎದೆಗೂ ಒತ್ತಿರುವುದಿಲ್ಲ, ಮೇಲಕ್ಕೂ ಎತ್ತಿರುವುದಿಲ್ಲ. ಹಾರ್ನೆಸ್ ಮೈಯನ್ನು ನೇರ ಮಾಡಿದ ಮೇಲೆಯೇ ತಲೆ ಎತ್ತುವುದು. ಕ್ಯಾಮೆರಾ ತೆಗೆದುಹಾಕಿದೆ, ಹೆಲ್ಮೆಟ್ ಹಗುರವಾದದ್ದು ಕೊಂಡೆ. ತಕ್ಕಡಿಯಲ್ಲಿ ಸುಮಾರು 300 ಗ್ರಾಂ ಕಡಿಮೆಯಾಯಿತು. 8 ಜಿ ಹೊಡೆತದಲ್ಲಿ ಆ 300 ಗ್ರಾಂ ಎಂದರೆ ಕತ್ತು ಹೊರುವ ಭಾರದಲ್ಲಿ ಹತ್ತಿರ ಹತ್ತಿರ ಎರಡೂವರೆ ಕಿಲೊ ವ್ಯತ್ಯಾಸ.

ಇನ್ನು ಕೈ. ಜೋಮು ಹಿಡಿದ ಬೆರಳಿಗೆ ಪೈಲಟ್ ಚೂಟಿನ ಫ್ರೀಫ್ಲೈ ಮಾದರಿಯ ಕೊಳವೆ ಹಿಡಿ ಸಿಗುತ್ತಿರಲಿಲ್ಲ, ಬಟ್ಟೆ ಯಾವುದು ಹಿಡಿ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಚೆಂಡಿನಂಥ ಹ್ಯಾಕಿ ಹಿಡಿ ಹಾಕಿಸಿದ ಮೇಲೆ ಅಂಗೈಗೇ ತಾಕುತ್ತದೆ, ಬೆರಳಿನ ಹಂಗಿಲ್ಲ. ಎಡಗೈಯಿಂದ ಎಸೆಯುವಂತೆ ಮಾಡಿಸು ಎಂದು ಒಬ್ಬರು ಹಟ ಹಿಡಿದರು. ಇಷ್ಟು ವರ್ಷದ ಅಭ್ಯಾಸವನ್ನು ಗಾಬರಿಯ ಗಳಿಗೆಯಲ್ಲಿ ಕೈ ಮರೆಯುವುದಿಲ್ಲ ಎಂದು ಅದನ್ನು ತಳ್ಳಿಹಾಕಿದೆ. ರಿಸರ್ವ್‌ಗೆ ಮೆತ್ತೆಯ ಹಿಡಿಯ ಬದಲು ಲೋಹದ ಡಿ ಆಕಾರದ ಹಿಡಿ ಹಾಕಿಸಿದೆ, ಹೆಬ್ಬೆರಳನ್ನೇ ಒಳಗೆ ಸಿಕ್ಕಿಸಿ ಎಳೆಯಬಹುದು. ಅಮೆರಿಕದ ಟಿಎಸ್‌ಒ ಎಂಬ ವಿಮಾನಯಾನ ಮಾನದಂಡದ ಪ್ರಕಾರ ರಿಸರ್ವ್ ರಿಪ್‌ಕಾರ್ಡ್ (ತೆರೆಯುವ ಹಿಡಿ) ಎಳೆಯಲು 22 ಪೌಂಡಿಗಿಂತ, ಅಂದರೆ 10 ಕಿಲೊಗಿಂತ, ಹೆಚ್ಚು ಬಲ ಬೇಕಾಗಬಾರದು. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಗೋಡೆಗೆ ಕಟ್ಟಿ ನನ್ನ ಕೈಗಳನ್ನು ತೂಗಿ ನೋಡಿದೆ. ಕೆಟ್ಟ ದಿನಗಳಲ್ಲಿ ಬಲಗೈ ಒಂದೇ 12 ಕಿಲೊ ದಾಟುತ್ತಿರಲಿಲ್ಲ, ಎರಡೂ ಕೈ ಸೇರಿದರೆ 25ಕ್ಕೂ ಮೇಲೆ. ಹಾಗಾಗಿ ಎರಡೂ ಕೈಯಲ್ಲಿ ಕಟ್‌ಅವೇ, ಮತ್ತೆ ಎರಡೂ ಕೈಯಲ್ಲಿ ರಿಸರ್ವ್ ಎಂದು ತೂಗುವ ಹಾರ್ನೆಸ್‌ನಲ್ಲಿ ಸಾಕುಸಾಕೆನ್ನುವಷ್ಟು ಅಭ್ಯಾಸ ಮಾಡಿದೆ. ಕಟ್‌ಅವೇ ಕೇಬಲ್‌ಗಳನ್ನು ತಿಂಗಳಿಗೊಮ್ಮೆ ಒರೆಸಿ ತಯಾರಕರು ಹೇಳಿದ ಎಣ್ಣೆ ಸವರುತ್ತೇನೆ. ಮುಖ್ಯ ಕ್ಯಾನೊಪಿಯನ್ನು ಕಳಚುವ, ಬಿಲ್ ಬೂತ್ ಕಂಡುಹಿಡಿದ ಮೂರು ಉಂಗುರಗಳು ಎಷ್ಟೇ ಚೆನ್ನಾಗಿ ಬಿಚ್ಚಿಕೊಂಡರೂ ಕೇಬಲ್ ಅಂಟಂಟಾಗಿದ್ದರೆ ದುರ್ಬಲ ಕೈಗೆ ಅದೇ ದೊಡ್ಡ ಭಾರ.

ಫ್ಲೇರ್‌ನಲ್ಲಿ ಬಲಗೈ ಅರೆಗಳಿಗೆ ಹಿಂದೆ ಬೀಳುತ್ತಿತ್ತು, ಕ್ಯಾನೊಪಿ ಎಡಕ್ಕೆ ವಾಲುತ್ತಿತ್ತು. ದಪ್ಪ ಟಾಗಲ್ (ಸ್ಟೀರಿಂಗ್ ಲೈನಿನ ಹಿಡಿ) ಹಾಕಿಸಿ, ಎರಡೂ ಕೈಗಳನ್ನು ಮೈಯ ಮುಂದೆ ಕಣ್ಣಿಗೆ ಕಾಣುವಂತೆ ಇಳಿಸಲು ಶುರು ಮಾಡಿದ ಮೇಲೆ ಸರಿಹೋಯಿತು.

ನರದ ನೋವಿಗೆ ಕೊಟ್ಟ ಮಾತ್ರೆ ಮಂಪರು ತರುತ್ತದೆ. ಅದನ್ನು ನುಂಗಿದ ದಿನ ಜಿಗಿತವಿಲ್ಲ. ಬೆಳಿಗ್ಗೆ ತಕ್ಕಡಿಯಲ್ಲಿ ಬಲಗೈ 12 ಕಿಲೊ ಎಳೆಯದಿದ್ದರೂ ಜಿಗಿತವಿಲ್ಲ, ಅವತ್ತು ಬೇರೆಯವರಿಗೆ ಪ್ಯಾಕ್ ಮಾಡಿಕೊಡುತ್ತೇನೆ. ದಿನಕ್ಕೆ ಆರೇಳು ಜಿಗಿಯುತ್ತಿದ್ದವನು ಎರಡು ಮೂರಕ್ಕೆ ಇಳಿದಿದ್ದೇನೆ. ಫಿಸಿಯೊಥೆರಪಿಸ್ಟ್ ಹೇಳಿಕೊಟ್ಟ ಕತ್ತಿನ ವ್ಯಾಯಾಮ, ಅಂಗೈಯನ್ನು ಹಣೆಗೆ ಒತ್ತಿ ತಲೆ ಅಲುಗದಂತೆ ತಡೆಯುವುದು, ಒಂದು ದಿನವೂ ತಪ್ಪಿಸಿಲ್ಲ.

ರಿಸರ್ವ್ ವಿಷಯದಲ್ಲಿ ಮಾತ್ರ ನನ್ನ ಕೈ ಕಟ್ಟಿದಂತಿದೆ. ಅದನ್ನು ಮಾಡಿರುವುದೇ ಬೇಗ ತೆರೆಯಲೆಂದು. ಅದರ ಸ್ಲೈಡರನ್ನೂ ಲೈನನ್ನೂ ಮುಟ್ಟುವಂತಿಲ್ಲ, ಮುಟ್ಟಲೂಬಾರದು. ಕಳೆದ ಋತುವಿನಲ್ಲಿ ಲೈನ್‌ಗಳು ಸುತ್ತಿಕೊಂಡು ಕ್ಯಾನೊಪಿ ತಿರುಗತೊಡಗಿದ್ದರಿಂದ ಒಮ್ಮೆ ಕಟ್‌ಅವೇ ಮಾಡಿದೆ. ಕಳಚಿಹೋಗುವ ಕ್ಯಾನೊಪಿಯಿಂದಲೇ ರಿಸರ್ವ್ ಎಳೆಸುವ ಸ್ಕೈಹುಕ್ ಅದನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಎಳೆದು ಕೊಟ್ಟಿತು, ಮಾಪಕ 6 ದಾಟಿತ್ತು, ಹತ್ತು ಹದಿನೈದು ದಿನ ಕತ್ತು ಬಿಗಿದುಕೊಂಡಿತ್ತು. ಬೆರಳಿಗೆ ಮಾತ್ರ ಜೋಮು ಬರಲಿಲ್ಲ. ರಿಸರ್ವ್ ದೊಡ್ಡದಿದ್ದುದರಿಂದ, ದುರ್ಬಲ ಬಲಗೈಯಲ್ಲೂ ನಿಂತೇ ನೆಲಕ್ಕಿಳಿದೆ. ರಿಸರ್ವ್ ಹೊಡೆತವನ್ನು ಹಾರ್ನೆಸ್ ಕಡೆಯಿಂದ ಸ್ವಲ್ಪವಾದರೂ ತಗ್ಗಿಸಲು ಸಾಧ್ಯವೇ ಎಂದು ರಿಗ್ಗರ್ ಜೊತೆ ಕುಳಿತು ನೋಡುತ್ತಿದ್ದೇನೆ. ಕಾಲುಪಟ್ಟಿ ಮತ್ತು ಎದೆಪಟ್ಟಿಯ ಬಿಗಿತವನ್ನು ಬೇರೆ ಬೇರೆ ಇಟ್ಟು ಮುಖ್ಯ ಕ್ಯಾನೊಪಿಯಲ್ಲಿ ಅಳೆದಾಗ ಅರ್ಧ ಜಿಯಷ್ಟು ವ್ಯತ್ಯಾಸ ಕಂಡಿದೆ. ಇನ್ನೂ ಒಂದಿಷ್ಟು ಜಿಗಿತಗಳ ಲೆಕ್ಕ ಸೇರಿದ ಮೇಲೆ ಅದನ್ನೂ ಬರೆಯುತ್ತೇನೆ.